ಚಳಿಗೆ ಏಳದ ದ್ರಾಕ್ಷಾಸವ

ದ್ರಾಕ್ಷಾಸವವನ್ನು ಔಷಧಿ ಅನ್ನಿ, ದ್ರಾಕ್ಷಿಯ ಹೆಂಡ ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ನಾನು ಸೊಸೆಯಾಗಿ ಬಂದದ್ದು ಯಲ್ಲಾಪುರ ಪೇಟೆಯ ವೈದ್ಯರ ಮನೆಗೆ. ಅಲ್ಲಿ ಅದು ಔಷಧಿಯೇ. ಹೆಂಡ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಅತ್ತೆ ಎದ್ದುಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಅದೇ ಅತ್ತೆ ಊಟದ ಮೇಲೆ ದಿನವೂ ಒಂದು ಒಳಲೆ ತುಂಬ ದ್ರಾಕ್ಷಾಸವ ಕುಡಿದು, ಕೆನ್ನೆ ಕೆಂಪಗೆ ಮಾಡಿಕೊಂಡು ಸುಖವಾಗಿ ಕೂರುತ್ತಿದ್ದರು.

ಇದು ಸಾವಿರದ ಒಂಬೈನೂರ ಮೂವತ್ತರ ದಶಕದ ಮಾತು. ವೈದ್ಯರಾಗಿದ್ದ ಮಾವ ಹಿತ್ತಲಲ್ಲಿ ಒಂದು ದ್ರಾಕ್ಷಿ ಬಳ್ಳಿ ನೆಟ್ಟಿದ್ದರು. ನಮ್ಮ ತಂಪಿಗೆ ಅದು ಎಲೆ ಬಿಟ್ಟಿದ್ದೇ ಬಿಟ್ಟಿದ್ದು. ಕಾಯಿ ಹಣ್ಣಾಗಲಿಲ್ಲ, ಹುಳಿ ಬಿಡಲಿಲ್ಲ. ಹಾಗಾಗಿ ಪೇಟೆಯ ಸಾಬರು ಹುಬ್ಬಳ್ಳಿಯಿಂದ ಮೋಟಾರಿನಲ್ಲಿ ತರಿಸಿಕೊಡುತ್ತಿದ್ದ ಒಣದ್ರಾಕ್ಷಿಯೇ ಗತಿ. ಅದನ್ನು ಜಜ್ಜಿ, ನೀರು ಕಾಲುಭಾಗಕ್ಕೆ ಇಳಿಯುವವರೆಗೆ ಕುದಿಸಿ, ಬೆಲ್ಲ, ಏಲಕ್ಕಿ, ಲವಂಗ ಹಾಕಿ ಆರಿಸಬೇಕು. ಪೂರ್ತಿ ಆರಿದ ಮೇಲೆ ಧಾತಕಿ ಹೂವು ಸೇರಿಸಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಇಡಬೇಕು. ಬಯಲುಸೀಮೆಯಲ್ಲಿ ತಿಂಗಳಿಗೆ ಆಗುತ್ತದಂತೆ. ನಮ್ಮಲ್ಲಿ ಚಳಿಗೆ ಅದು ಬೇಗ ಹುಳಿತು ಏಳುವುದಿಲ್ಲ. ಅದಕ್ಕೇ ಮಡಕೆಯನ್ನು ಕತ್ತಿನವರೆಗೆ ಭತ್ತದ ರಾಶಿಯಲ್ಲಿ ಹೂಳುತ್ತಿದ್ದರು. ಮಾವ ದಿನಾ ಬೆಳಿಗ್ಗೆ ಕಿವಿಯಿಟ್ಟು ಕೇಳುವರು. ಒಳಗೆ ಅನ್ನ ಕುದಿಯುವಂಥ ಸಣ್ಣ ಸದ್ದು ಕೇಳಿದರೆ ಎದ್ದಿದೆ ಎಂದು ಅರ್ಥ. ಆಮೇಲೆ ಬಟ್ಟೆ ಸರಿಸಿ ಹೊತ್ತಿಸಿದ ಬತ್ತಿ ಹಿಡಿಯುವರು. ಬತ್ತಿ ನಂದಿದರೆ ಇನ್ನೂ ಕೆಲಸ ನಡೆದಿದೆ, ಉರಿದರೆ ಮುಗಿದಿದೆ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ನನ್ನ ತಂಗಿಯನ್ನು ಸಿದ್ದಾಪುರದ ಅವಳ ಗಂಡನ ಮನೆಯಿಂದ ನಮ್ಮಲ್ಲಿಗೆ ಕರೆತಂದರು. ಅಮ್ಮ ಬೇಗ ಹೋದದ್ದರಿಂದ ಅವಳಿಗೆ ತಲೆ ಬಾಚಿ, ಉಣ್ಣಿಸಿ ಬೆಳೆಸಿದವಳು ನಾನೇ. ಅವಳಿಗೆ ಎಂಟನೆಯ ತಿಂಗಳಲ್ಲೇ ಹೆರಿಗೆಯಾಗಿತ್ತು. ಮಗು ಒಂಬತ್ತು ದಿನ ಬದುಕಿತ್ತು. ಆಮೇಲೆ ಇವಳು ಊಟ ಬಿಟ್ಟಳು. ಗಂಜಿ ಕೊಟ್ಟರೆ ವಾಂತಿ, ಹಾಲು ಕೊಟ್ಟರೆ ವಾಂತಿ. ಮಾವ ಎರಡು ಚಮಚ ದ್ರಾಕ್ಷಾಸವ ಕೊಟ್ಟು ನೋಡಿದರು. ಅದು ಹೊಟ್ಟೆಯಲ್ಲಿ ನಿಂತಿತು. ಅದರ ಹಿಂದೆ ನಾಲ್ಕು ತುತ್ತು ಅನ್ನವೂ ನಿಂತಿತು. ಆದರೆ ಮನೆಯಲ್ಲಿ ಉಳಿದದ್ದು ಅರ್ಧ ಬಾಟಲಿ ಮಾತ್ರ.

ಅಷ್ಟರಲ್ಲಿ ಸಿರಸಿಯ ಒಬ್ಬ ರೋಗಿ ಹಾಸಿಗೆ ಹಿಡಿದು, ಮಾವನಿಗೆ ಕರೆ ಬಂತು. ಹೊರಡುವಾಗ ಹೇಳಿದರು: "ಆನು ಬಪ್ಪದು ತಡ ಆಗ್ತು. ಈ ಸಲ ನೀನೇ ಹಾಕು. ನಿಂಗೆ ಎಲ್ಲ ಗೊತ್ತಿದ್ದು."

ಗೊತ್ತಿತ್ತು. ಗೊತ್ತಿದ್ದವಳ ಜಂಬವೂ ಇತ್ತು.

ಮಾವನ ಮಡಕೆಯನ್ನು ಅಲ್ಲಿಯವರೆಗೆ ಬೇರೆ ಯಾರೂ ಮುಟ್ಟಿದವರಲ್ಲ. ಒಳಗೆಲ್ಲ ಕಪ್ಪು ಪಾಚಿಯಂಥದ್ದು ಕಟ್ಟಿ, ಹುಳಿ ವಾಸನೆ ಹೊಡೆಯುತ್ತಿತ್ತು. ಇದರಲ್ಲಿ ನನ್ನ ತಂಗಿಗೆ ಔಷಧಿಯೇ ಎಂದು ಸಿಟ್ಟು ಬಂತು. ಬೂದಿ ಹಾಕಿ ತಿಕ್ಕಿದೆ, ಕುದಿಯುವ ನೀರು ಮೂರು ಸಲ ಹೊಯ್ದೆ, ಬೆಂಕಿಯ ಮೇಲೆ ಬೋರಲು ಹಾಕಿ ಒಣಗಿಸಿದೆ. ಇನ್ನು ಹೂವು. ಬೇಸಿಗೆಗೆ ಮೊದಲು ಕಾಡಿನ ಕಡೆಯ ಒಬ್ಬ ಸಿದ್ದಿ ಹೆಂಗಸು ಅದನ್ನು ಕೊಯ್ದು, ಒಣಗಿಸಿ, ಸೆರಗಿನಲ್ಲಿ ಕಟ್ಟಿ ತಂದುಕೊಡುತ್ತಿದ್ದಳು. ಮಾವ ಅದನ್ನು ಹಾಗೇ ಸುರಿಯುತ್ತಿದ್ದರು. ಈ ಗಂಡಸರಿಗೆ ಮಡಿ ಎಂದರೇನು ಗೊತ್ತು ಅಂದುಕೊಂಡೆ. ಯಾರ ಕೈ ಮುಟ್ಟಿದ್ದೋ, ಎಲ್ಲಿ ಹರಡಿದ್ದೋ ಎಂದು ಇದ್ದ ಹೂವನ್ನೆಲ್ಲ ಕುದಿನೀರಿನಲ್ಲಿ ಅದ್ದಿ ಹಿಂಡಿ, ಒಲೆಯ ಮೇಲೆ ಗರಿಗರಿ ಮಾಡಿದೆ. ಒದ್ದೆ ಸೀರೆಯಲ್ಲೇ ನಿಂತು ಮಡಕೆ ತುಂಬಿಸಿದೆ. ನನ್ನಷ್ಟು ಶುದ್ಧವಾಗಿ ಆ ಮನೆಯಲ್ಲಿ ಯಾರೂ ಔಷಧಿ ಹಾಕಿರಲಿಲ್ಲ.

ನಾಲ್ಕು ದಿನ ಸದ್ದಿಲ್ಲ. ಎಂಟು ದಿನವಾಯಿತು, ಸದ್ದಿಲ್ಲ. ಆ ವರ್ಷದ ಚಳಿಯೂ ಅಂಥದ್ದೇ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ತಪ್ಪು ಚಳಿಯದೇ ಎಂದು ಅದನ್ನೇ ಬೈದೆ. ಮಡಕೆಗೆ ಕಂಬಳಿ ಸುತ್ತಿದೆ. ಭತ್ತವನ್ನು ಅಂಗಳದ ಬಿಸಿಲಿಗೆ ಹರಡಿ, ಬೆಚ್ಚಗಾದ ಮೇಲೆ ಮೊರದಲ್ಲಿ ತಂದು ಮತ್ತೆ ಸುತ್ತ ಸುರಿದೆ. ದಿನಕ್ಕೆ ಹತ್ತು ಸಲ ಕಿವಿಯಿಟ್ಟೆ. ನನ್ನ ಎದೆ ಬಡಿಯುವುದಷ್ಟೇ ಕೇಳುತ್ತಿತ್ತು.

ತಂಗಿ ಮಲಗಿದಲ್ಲಿಂದಲೇ ಕೇಳುವಳು: "ಅಕ್ಕಾ, ಸದ್ದು ಬಂತನೇ?"

"ಬಂತು," ಅಂದೆ ಒಂದು ದಿನ. ಇನ್ನೇನು ಹೇಳಲಿ?

ಮರುದಿನ ಅವಳು ಗೋಡೆ ಹಿಡಿದುಕೊಂಡು ತಾನೇ ಬಂದಳು. ಬೇಡ ಎಂದರೂ ಕೇಳದೆ ಭತ್ತದ ಮೇಲೆ ಕೂತು ಮಡಕೆಗೆ ಕಿವಿ ಕೊಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಸುಳ್ಳು ಹೇಳಿದೆ ಎಂದು ನನ್ನನ್ನು ಬಯ್ಯಲಿಲ್ಲ. "ಇಲ್ಲಿ ಬೆಚ್ಚಗಿದ್ದು ಅಕ್ಕಾ," ಅಂದಳು ಅಷ್ಟೆ. ಅವಳನ್ನು ಎತ್ತಿ ಒಳಗೆ ತಂದಾಗ ಅವಳ ಮೈಯಲ್ಲಿ ತೂಕವೇ ಇರಲಿಲ್ಲ.

ಮೂರು ವಾರವಾದ ಮೇಲೆ ಮಾವ ಬಂದರು. ಕಾಲು ತೊಳೆದವರೇ ಮಡಕೆಯ ಬಟ್ಟೆ ಬಿಚ್ಚಿ ಮೂಸಿದರು. ಒಳಗಿದ್ದದ್ದು ಬರೀ ದ್ರಾಕ್ಷಿಯ ಪಾನಕ.

"ಮಡಕೆ ತೊಳದ್ಯ?"

"ತೊಳದೆ."

"ಹೂವು?"

"ಅದನ್ನೂ. ಕುದಿನೀರಲ್ಲಿ."

ಮಾವ ಭತ್ತದ ರಾಶಿಯ ಅಂಚಿಗೆ ಕೂತರು. "ಅಯ್ಯೋ ಕೂಸೇ, ಹೂವಿಂದಲೇ ಅದಕ್ಕೆ ಹುಳಿ ಹಿಡಿಯೋದು. ಇಲ್ಲದಿದ್ರೆ ಮಡಕೆಲಿ ಇದ್ದ ಹಳೇದ್ರಿಂದ. ಇರ್ಲಿ. ಹಳೇ ಬಾಟ್ಲಿ ತಳದಲ್ಲಿ ಒಂದು ಚಮಚ ಇದ್ರೂ ಇದನ್ನ ಎಬ್ಬಸಲೆ ಸಾಕು, ತಗಂಡು ಬಾ."

ಕೊನೆಯ ಚಮಚವನ್ನು ಎರಡು ದಿನದ ಹಿಂದೆ ತಂಗಿಗೆ ಕುಡಿಸಿದ್ದೆ. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಥಳಥಳ ಮಾಡಿ, ನಾಗಂದಿಗೆಯ ಮೇಲೆ ಬೋರಲು ಇಟ್ಟಿದ್ದೆ. ಅದನ್ನೇ ತಂದು ತೋರಿಸಿದೆ. ಮಾವ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಆ ಸಿದ್ದಿ ಹೆಂಗಸಿಗೆ ಹೇಳಿಕಳಿಸಿದರು. ಅವಳ ಹತ್ತಿರ ಹಳೆಯ ಹೂವು ಮುಗಿದಿತ್ತು. ಕಾಡಿನಲ್ಲಿ ಹೊಸದು ಇನ್ನೂ ಅರಳಿರಲಿಲ್ಲ. ಮಾವ ಬೇರೆ ಔಷಧಿ ಕೊಟ್ಟರು, ಯಾವುದೂ ನಿಲ್ಲಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ, ನಾನು ಮುಖ ಒರೆಸಲು ಬಟ್ಟೆ ಹಿಂಡುತ್ತಿದ್ದಾಗ, ತಂಗಿ ಹೋದಳು.

"ನಿನ್ನ ತಂಗಿ ಅದನ್ನ ಕುಡಿದಿದ್ರೂ ಉಳೀತಿತ್ತು ಹೇಳಿ ಹೇಳಲೆ ಬತ್ತಿಲ್ಲೆ," ಎಂದು ಮಾವ ನನಗೆ ಎಷ್ಟೋ ಸಲ ಹೇಳಿದರು. ಇರಬಹುದು. ಆದರೆ ಬೇರೆಯವರಿಗೆ ಬಾಟಲಿ ಕೊಡುವಾಗ ಅವರು ಒಮ್ಮೆಯೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಆ ಹೆಂಗಸು ತಾನಾಗಿಯೇ ಹೂವು ತಂದಳು. ಸುದ್ದಿ ತಿಳಿದು ಮೆಟ್ಟಿಲ ಮೇಲೆ ಕೂತು ಅತ್ತಳು. ಮಾವ ಪಾನಕವನ್ನು ಮತ್ತೆ ಕುದಿಸಿ, ಆರಿಸಿ, ಅವಳ ಸೆರಗಿನಿಂದಲೇ ಒಂದು ಹಿಡಿ ಹೂವು ತೆಗೆದು ಹಾಗೇ ಹಾಕಿದರು. ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಬಳಿಯನ್ನೂ ಸುತ್ತಿರಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಭತ್ತ ತೆಗೆಯಲು ಹೋದಾಗ, ಬಗ್ಗದೆ, ಕಿವಿ ಕೊಡದೆ, ನಿಂತಲ್ಲಿಗೇ ಮಡಕೆಯ ಸದ್ದು ಕೇಳಿಸಿತು. ಕಿವಿ ಮುಚ್ಚಿಕೊಂಡು ಹೊರಗೆ ಬಂದೆ.

ಅಷ್ಟು ಚೆನ್ನಾದ ಪಾಕ ಎಂದೂ ಬಂದಿರಲಿಲ್ಲ ಎಂದು ಎಲ್ಲರೂ ಹೇಳಿದರು. ಅದರಲ್ಲಿ ಎರಡು ಬಾಟಲಿ ಮನ್ಮನೆ ಊರಿನ ಒಬ್ಬ ಬಾಣಂತಿಗೆ ಹೋಯಿತು. ಮಳೆಗಾಲಕ್ಕೆ ಮುಂಚೆ ಅವಳು ಗಾಡಿ ಮಾಡಿಸಿಕೊಂಡು ನಮ್ಮ ಮನೆಗೆ ಬಂದಳು. ಮೈ ತುಂಬಿಕೊಂಡಿದ್ದಳು, ಕಂಕುಳಲ್ಲಿ ಮಗುವಿತ್ತು. ಮಾವನಿಗೆ ನಮಸ್ಕಾರ ಮಾಡಿದಳು. ಮಾವ, ನನ್ನ ಮನಸ್ಸು ಹಗುರಾಗಲಿ ಎಂದೇ ಇರಬೇಕು, ನನ್ನ ಕಡೆ ಕೈ ತೋರಿಸಿ, "ಹಾಕಿದ್ದು ನಮ್ಮ ಸೊಸೆ," ಎಂದರು.

ಅವಳು ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಂದು ನನ್ನ ಕಾಲು ಮುಟ್ಟಿದಳು. "ಅಕ್ಕಾ, ನೀವು ನನ್ನ ಉಳಿಸಿದ್ರಿ," ಅಂದಳು. ಬಾಗಿದವಳನ್ನು ಹಿಡಿದೆತ್ತಬೇಕು, ಅದು ರೂಢಿ. ನನ್ನ ಕೈ ಮೇಲೇಳಲಿಲ್ಲ.