ಗೋಣಿ ಹಾಸಿದ ಜಾಗ

ಆ ದಿನ ಸಿಂದಗಿಯ ದನದ ಸಂತೆಯಲ್ಲಿ ನಮ್ಮ ಹಗ್ಗಗಳು ಮಧ್ಯಾಹ್ನದೊಳಗೇ ಮುಗಿಯುತ್ತ ಬಂದಿದ್ದವು. ದೊಡ್ಡ ಬರ ಕಳೆದು ಎರಡು ವರ್ಷವಾಗಿತ್ತು. ಮೇವು ಸಿಗದೆ ಎತ್ತು ಮಾರಿದ್ದವರು ಮತ್ತೆ ಎತ್ತು ಕೊಳ್ಳಲು ಬರುತ್ತಿದ್ದರು. ಮಳೆ ಬೀಳುವ ಮೊದಲು ಜೋಡಿ ಕಟ್ಟಬೇಕೆಂಬ ಅವಸರ ಎಲ್ಲರಿಗೂ ಇತ್ತು. ನನ್ನ ಗಂಡ ಬೇವಿನ ಮರದ ಕೆಳಗೆ ಗೋಣಿಚೀಲದ ಮೇಲೆ ಕೂತು, ಉಳಿದ ಎರಡು ಹಗ್ಗಗಳನ್ನು ಸುತ್ತಿ ಪಕ್ಕಕ್ಕೆ ಇಟ್ಟರು. ನಾನು ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.

ಪಕ್ಕದ ಗೋಣಿಯ ಮೇಲೆ ಕೂತಿದ್ದವರು ಎತ್ತಿನ ಗೆಜ್ಜೆ, ಗಂಟೆ, ಹಣೆಪಟ್ಟಿ ಮಾರುತ್ತಿದ್ದರು. ಅವರೂ ನಾನೂ ಇಂಡಿಯ ಕಡೆಯ ಒಂದೇ ಊರಿನವರು, ಒಂದೇ ಓಣಿಯವರು. ಮದುವೆಯಾಗಿ ನಾನು ಸಿಂದಗಿ ಹತ್ತಿರದ ಯಂಕಂಚಿಗೆ ಬಂದಾಗ ಅವರು ಆಗಲೇ ಸಿಂದಗಿಯಲ್ಲಿ ನೆಲೆಸಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಆ ಲೆಕ್ಕದಲ್ಲಿ ಅವರೂ ನನ್ನ ಗಂಡನೂ ಬೀಗರು.

ಅಣ್ಣ ನಮ್ಮ ಬುತ್ತಿಯೊಳಗೆ ಇಣುಕಿ ನೋಡಿದರು. "ಏನ್ರಿ ಬೀಗರ, ಹಗ್ಗಕ್ಕ ಪುಂಡಿ ನಾರು, ಊಟಕ್ಕ ಪುಂಡಿ ಪಲ್ಯ. ನಮ್ಮ ತಂಗಿಗೆ ಬ್ಯಾರೆ ಏನೂ ಮಾಡಾಕ ಬರೂದಿಲ್ಲೇನು?"

"ನಿಮ್ಮ ಗೆಜ್ಜಿ ಕೊಡ್ರಿ ಅಣ್ಣಾರ, ನಾಳಿ ಅವನ್ನ ಕುದಿಸಿ ಪಲ್ಯಾ ಮಾಡ್ತೇನಿ" ಎಂದೆ.

"ಬ್ಯಾಡವಾ ತಾಯಿ, ನಿನ್ನ ಗಂಡ ನಡದಾಗೊಮ್ಮೆ ಹೊಟ್ಟಿ ಝಲ್ ಝಲ್ ಅಂದ್ರ ಎತ್ತು ಬೆದರ್ತಾವ."

ನನ್ನ ಗಂಡ ನಕ್ಕು, ಒಂದು ರೊಟ್ಟಿ ಮಡಚಿ ಅವರ ಕೈಗೆ ಕೊಟ್ಟರು. ಅವರಿಬ್ಬರೂ ಹೀಗೆ ಹನ್ನೊಂದು ವರ್ಷ ಒಂದೇ ಮರದ ಕೆಳಗೆ ಉಂಡಿದ್ದರು.

ಆ ಜಾಗದ ವಿಷಯ ಹೇಳಬೇಕು. ನಮ್ಮ ಕಡೆ ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ. ಮಾತು ಮುಗಿದ ಕೂಡಲೇ ತನ್ನ ಹಗ್ಗ ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ. ಹಗ್ಗದ ಜೊತೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆ ಎಂಬುದು ನಂಬಿಕೆ. ಕೊಂಡವನು ಹೊಸ ಹಗ್ಗ ಹಾಕಿಯೇ ಎತ್ತನ್ನು ಸಂತೆಯಿಂದ ಹೊರಗೆ ಹೊಡೆದುಕೊಂಡು ಹೋಗಬೇಕು. ದನದ ಸಂತೆಗೆ ಇದ್ದದ್ದು ಒಂದೇ ದಾರಿ, ಆ ದಾರಿಯ ಬಾಯಲ್ಲೇ ನಮ್ಮ ಬೇವಿನ ಮರ. ಮಾರಾಟವಾದ ಪ್ರತಿಯೊಂದು ಎತ್ತೂ ನನ್ನ ಗಂಡನ ಮುಂದೆಯೇ ಹೋಗಬೇಕು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಂತೆಗಳಿಗೂ ಅವರು ಹೋಗುತ್ತಿದ್ದರು. ಆದರೆ ನಮ್ಮ ಮನೆ ನಡೆದದ್ದು ಈ ಮರದ ನೆರಳಿನಿಂದ.

ಆ ವರ್ಷಗಳಲ್ಲಿ ಸಂತೆಯಲ್ಲಿ ಕೂರುವ ಯಾರಿಗೂ ಧೈರ್ಯವಿರಲಿಲ್ಲ. ಇವತ್ತಿನ ಧಾರಣೆ ಮುಂದಿನ ವಾರ ಇರುತ್ತಿರಲಿಲ್ಲ. ಚಹಾದ ಅಂಗಡಿಯವನು ಸಕ್ಕರೆ ಸಿಗದೆ ಬೆಲ್ಲದ ಚಹಾ ಮಾಡುತ್ತಿದ್ದ. ಗಡಿಗೆ ಮಾರುವವರು ಅಲ್ಯುಮಿನಿಯಂ ಕೊಡ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನನ್ನ ಗಂಡ ಮಾತ್ರ ಹೆದರುತ್ತಿರಲಿಲ್ಲ. "ಎತ್ತು ಇರೂತನಕ ಹಗ್ಗ ಬೇಕು. ಹಗ್ಗ ಬೇಕಾದವ ಈ ಗಿಡದ ಕೆಳಗ ಹಾಯಬೇಕು. ಇನ್ನೇನು ಬೇಕು?" ಎನ್ನುತ್ತಿದ್ದರು.

ಜಾಗಕ್ಕೆ ಕಾಗದಪತ್ರ ಇರಲಿಲ್ಲ. ಯಾರಾದರೂ ಒಂದು ಸಂತೆಗೆ ಬರಲಾಗದಿದ್ದರೆ ಪಕ್ಕದವರು ಅವರ ಗೋಣಿ ಹಾಸಿ ಮೇಲೊಂದು ಕಲ್ಲು ಇಡುತ್ತಿದ್ದರು. ಗೋಣಿ ಹಾಸಿದ್ದರೆ ಆಳು ಕೂತ ಹಾಗೆ. ಅದರ ಮೇಲೆ ಇನ್ನೊಬ್ಬರು ಕೂರುತ್ತಿರಲಿಲ್ಲ. ನಾನು ಬಾಣಂತಿಯಾಗಿದ್ದಾಗ ಅಣ್ಣ ಮೂರು ಸಂತೆ ನಮ್ಮ ಗೋಣಿ ಹಾಸಿದ್ದರು. ಬರದ ವರ್ಷ ಎತ್ತು ಕೊಳ್ಳುವ ರೈತರೇ ಇಲ್ಲದೆ ಹಗ್ಗ ಹೋಗದಾಗ, ತಮ್ಮ ಮನೆಯ ಜೋಳದಲ್ಲಿ ಅರ್ಧ ಚೀಲ ನಮ್ಮ ಮನೆಗೆ ತಂದು ಇಳಿಸಿದ್ದರು. ಇದನ್ನೂ ಬರೆಯಬೇಕು. ಬರೆಯದಿದ್ದರೆ ಅವರು ಮೊದಲಿನಿಂದಲೂ ಕೆಟ್ಟವರು ಎಂದು ಓದಿದವರಿಗೆ ಅನಿಸೀತು.

ನಾವು ಉಂಡು ಕೈ ತೊಳೆಯುವಾಗ ಬಜಾರದ ಸಿಪಾಯಿ ಕೂಗುತ್ತ ಬಂದ. ಮುಂದಿನ ಸಂತೆಯ ದಿನ ಎಲ್ಲ ಜಾಗಗಳಿಗೂ ಸುಣ್ಣದಲ್ಲಿ ನಂಬರು ಹಾಕುತ್ತಾರಂತೆ, ಕೂತವರ ಹೆಸರಿಗೆ ಚೀಟಿ ಕೊಡುತ್ತಾರಂತೆ. "ಅವತ್ತ ಇರಲಾರದವರು ಆಮ್ಯಾಲ ಬಂದು ನನ್ನ ಮುಂದ ಅಳಬ್ಯಾಡ್ರಿ ಮತ್ತ!" ಎಂದು ಹೇಳಿ ಮುಂದೆ ಹೋದ.

ನನ್ನ ಗಂಡನ ಮುಖ ಸಣ್ಣದಾಯಿತು. ಅದೇ ದಿನ ಮುದ್ದೇಬಿಹಾಳದ ಆಚೆಯ ಒಂದು ಊರಿಗೆ ಹಗ್ಗ ಒಯ್ದು ಕೊಡುವೆನೆಂದು ಮಾತು ಕೊಟ್ಟಿದ್ದರು.

ಅಣ್ಣ ಗೆಜ್ಜೆ ಪೋಣಿಸುತ್ತ, ತಲೆ ಎತ್ತದೆ ಹೇಳಿದರು. "ಅದಕ್ಕ ಯಾಕ ಚಿಂತಿ ಮಾಡ್ತೀರಿ? ನಿಮ್ಮ ಗೋಣಿ ನಾ ಹಾಸ್ತೇನಿ. ಎರಡೂ ಜಾಗ ನನ್ನ ಹೆಸರಿಗೆ ಬರಸ್ತೇನಿ. ಹೆಸರು ನಂದು, ಕುಂಡ್ರವರು ನೀವು."

"ಹಂಗ ಮಾಡ್ರಿ ಬೀಗರ. ನಿಮ್ಮ ಹೆಸರಿಗೆ ಬರಸ್ರಿ" ಎಂದರು ನನ್ನ ಗಂಡ. ಮುಖ ಮತ್ತೆ ಅರಳಿತು.

ಚಕ್ಕಡಿಯಲ್ಲಿ ಮನೆಗೆ ಬರುವಾಗ ನಾನು ಕೇಳಿದೆ. "ನೀವು ಮುದ್ದೇಬಿಹಾಳಕ್ಕ ಹೋಗ್ರಿ. ನಾ ಬಂದು ಗೋಣಿ ಮ್ಯಾಲ ಕುಂಡ್ರತೇನಿ. ನನ್ನ ಹೆಸರಿಗೆ ಬರಕೊಳ್ಳಾಕ ಏನಾಗೈತಿ?"

ಅವರು ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟರು. "ಅವರು ಗೋಣಿ ಹಾಸ್ತೇನಿ ಅಂದಮ್ಯಾಲ ನೀ ಹೋಗಿ ಕುಂತ್ರ ಅವರಿಗೆ ಏನಂತ ಅನಸ್ತದ? ನಂಬಿಗಿ ಇಲ್ಲ ಅಂದಂಗ ಆಗೂದಿಲ್ಲೇನು? ನಿನ್ನ ಅಣ್ಣ ಅಲ್ಲೇನ ಅವರು?"

ಅವರು ಹೇಳಿದ್ದು ನಮ್ಮ ಕಡೆಯ ಎಲ್ಲರೂ ಹೇಳುವ ಮಾತೇ. ಹಾಸಿದ ಗೋಣಿಯ ಮೇಲೆ ಹೋಗಿ ಕಾಯುವುದು ಗೋಣಿ ಹಾಸಿದವರಿಗೆ ಅಪಮಾನ. ಮುಂದಿನ ಸಂತೆಯ ದಿನ ನಾನು ಮನೆಯಲ್ಲಿ ಪುಂಡಿ ಕಟ್ಟು ನೆನೆ ಹಾಕುತ್ತ ಇದ್ದೆ.

ಅದರ ಮುಂದಿನ ವಾರ ಇಬ್ಬರೂ ಹಗ್ಗ ಹೊತ್ತು ಹೋದೆವು. ಬೇವಿನ ಮರದ ಕೆಳಗೆ ನಮ್ಮ ಜಾಗದಲ್ಲಿ ನೀಲಿ ಬಣ್ಣದ ರಾಶಿ ಕಂಡಿತು. ದೂರದಿಂದ ನನಗೆ ಅದು ಏನೆಂದು ತಿಳಿಯಲಿಲ್ಲ. ಹತ್ತಿರ ಹೋದಾಗ ನೈಲಾನ್ ಹಗ್ಗ. ಅದರ ಹಿಂದೆ ಇಸ್ತ್ರಿ ಅಂಗಿ ತೊಟ್ಟ ಒಬ್ಬ ಹರೆಯದವನು ಕೂತಿದ್ದ. ನಮ್ಮ ಗೋಣಿ ನಾಲ್ಕು ಮಡಿಕೆಯಾಗಿ ಮರದ ಬುಡದಲ್ಲಿತ್ತು.

"ಬರ್ರಿ ಬೀಗರ" ಎಂದರು ಅಣ್ಣ. ಆದರೆ ಯಾರೂ ಸರಿಯಲಿಲ್ಲ.

"ಇವರು ಯಾರ್ರಿ?" ಎಂದು ನನ್ನ ಗಂಡ ಕೇಳಿದರು.

"ನಮ್ಮ ಅಳಿಯಂದಿರು. ಚಡಚಣದವರು. ಸೊಲ್ಲಾಪುರದಿಂದ ಮಾಲ ತಂದಾರ."

"ಇವತ್ತಿಗೆ ಅಷ್ಟ ಏನ್ರಿ?"

ಅಣ್ಣ ಎತ್ತಿನ ಗಂಟೆಯೊಂದನ್ನು ಕೈಗೆತ್ತಿಕೊಂಡು ಅಂಗಿಯ ತುದಿಯಿಂದ ಒರೆಸತೊಡಗಿದರು. "ಚೀಟಿ ನನ್ನ ಹೆಸರೀಲೆ ಆಗೇತಲ್ರಿ. ಇನ್ನ ಬದಲಿ ಮಾಡೂದಿಲ್ಲಂತ."

"ಹೆಸರಿನ ಮಾತು ನಾ ಕೇಳಿಲ್ರಿ. ಕುಂಡ್ರೂ ಮಾತು ಕೇಳಾಕತ್ತೇನಿ."

ಅಷ್ಟರಲ್ಲಿ ಅಳಿಯ "ಮಾಮಾರ, ಗಿರಾಕಿ ನಿಂತಾರ, ಸ್ವಲ್ಪ ದಾರಿ ಬಿಡಸ್ರಿ" ಎಂದ. ಗಿರಾಕಿ ಹಿಂದೆ ನಿಂತಿದ್ದ, ಅವನ ದಾರಿಗೆ ಅಡ್ಡ ಇದ್ದವರು ನಾವು. ಅಣ್ಣ ಎದ್ದು ಮಡಿಸಿದ ಗೋಣಿಯನ್ನು ತಂದು ನನ್ನ ಗಂಡನ ಕೈಗೆ ಕೊಟ್ಟರು. ಧೂಳು ಝಾಡಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದರು. ಬೇವಿನ ಕಾಂಡಕ್ಕೆ ಹಚ್ಚಿದ್ದ ಚೀಟಿಯನ್ನು ನಾನು ಓದಿದೆ. ಎರಡು ನಂಬರು, ಒಂದೇ ಹೆಸರು.

ಮೇವು ಮಾರುವವರ ಹಿಂದೆ ಖಾಲಿ ಇದ್ದ ಕಡೆ ಗೋಣಿ ಹಾಸಿದೆವು. ಅಲ್ಲಿಗೆ ಎತ್ತುಗಳು ಬರುವುದು ಮಾರಾಟಕ್ಕೆ ಮೊದಲು, ಹಳೆಯ ಹಗ್ಗದಲ್ಲಿ. ಸಂಜೆಯವರೆಗೆ ಕೂತರೂ ಮೂರು ಹಗ್ಗವೂ ಹೋಗಲಿಲ್ಲ. ಚಹಾದವನು ಬಂದು ಬಟ್ಟಲು ಕೈಗೆ ಕೊಟ್ಟು, "ನಿಮ್ಮ ಬೀಗರು ಭಾರಿ ಕಾದ್ರು ಬಿಡ್ರಿ ಜಾಗಾನ. ಬೆಕ್ಕು ಹಾಲು ಕಾದಂಗ" ಎಂದ. ಸುತ್ತಲಿದ್ದವರು ನಕ್ಕರು. ನನ್ನ ಗಂಡ ನಗಲಿಲ್ಲ. ಆ ಮಾತಿಗೆ ಅವರಿಗೆ ಬೇಸರವೂ ಆಯಿತು. ಅಷ್ಟಾದರೂ ಅಣ್ಣನನ್ನು ಬೆಕ್ಕು ಎಂದದ್ದು ಅವರಿಗೆ ಸೇರಲಿಲ್ಲ.

ಊರಲ್ಲಿ ಹಿರಿಯರು, ನಾಲ್ಕು ಮಂದಿಯನ್ನು ಕೂಡಿಸೋಣ, ಕೇಳೋಣ ಎಂದರು. ನನ್ನ ಗಂಡ ಒಪ್ಪಲಿಲ್ಲ. "ಏನಂತ ಕೇಳೂದ್ರಿ? ನಿಮ್ಮ ಹೆಸರಿಗೆ ಬರಸ್ರಿ ಅಂತ ನಾನ ಅಂದೇನಿ. ಈ ಬಾಯೀಲೆ ಅಂದೇನಿ."

ಬೇರೆ ಸಂತೆಗಳಲ್ಲಿ ಪ್ರಯತ್ನ ಮಾಡಿದರು. ಇಂಡಿಗೆ ಪ್ರತಿ ವಾರ ಹೋದರು. ಬಾಗೇವಾಡಿಗೆ ನಾನೂ ಜೊತೆಗೆ ಹೋದೆ. ಅಲ್ಲಿಯೂ ಒಳ್ಳೆಯ ಜಾಗಗಳಿಗೆಲ್ಲ ಹಳಬರಿದ್ದರು. ಅವರ ಗೋಣಿಗಳು ಹಾಸಿದ್ದವು, ನನ್ನ ಗಂಡ ಅವುಗಳನ್ನು ದಾಟಿಕೊಂಡು ಹೋಗಿ ಕೊನೆಯಲ್ಲಿ ಕೂತರು. ಒಬ್ಬ ರೈತ ನಮ್ಮ ಹಗ್ಗ ಹಿಡಿದು ಎಳೆದು ನೋಡಿದ.

"ನೈಲಾನ್ ಇಲ್ಲೇನು?"

"ಇಲ್ರಿ."

"ಇದು ಎಷ್ಟು ದಿನ ಬರ್ತದ?"

"ಮಳ್ಯಾಗ ಬಿಡಲಿಲ್ಲಂದ್ರ ಎರಡು ವರ್ಷ ಬರ್ತದ್ರಿ."

"ಅದು ಮಳ್ಯಾಗ ಬಿಟ್ರೂ ಬರ್ತದಂತಲ್ಲ?"

"ಹೌದ್ರಿ. ಬರ್ತದ."

ಅವನು ಹಗ್ಗ ಇಟ್ಟು ಹೋದ. ನನಗೆ ತಡೆಯಲಾಗಲಿಲ್ಲ. "ಹೌದು ಅಂತ ಯಾಕ ಅಂದ್ರಿ? ನೈಲಾನ್ ಎತ್ತಿನ ಕುತ್ತಿಗಿ ಕೊರೀತದ ಅನ್ನಬಾರದಿತ್ತೇನು?"

"ಅದೂ ಖರೆ, ಇದೂ ಖರೆ. ಅವ ಕೇಳಿದ್ದಕ್ಕ ಹೇಳಿದೆ" ಎಂದರು. ಅವನು ಇಟ್ಟುಹೋದ ಹಗ್ಗವನ್ನು ಸುತ್ತುತ್ತ ತಾವೇ ಮಾತು ತೆಗೆದರು. "ನೈಲಾನ್ ಬಂದದ್ದಕ್ಕ ನನಗ ಸಿಟ್ಟಿಲ್ಲ. ಅದು ಬರೂದ ಇತ್ತು. ಗಿಡದ ಕೆಳಗ ನಾ ಇದ್ದಿದ್ರ ನಾನೂ ನಾಲ್ಕು ನೈಲಾನ್ ಇಟಗೊಂಡು ಕುಂಡ್ರತಿದ್ದೆ."

ಹಗ್ಗ ಹೊಸೆಯುವುದು ನಿಲ್ಲಲಿಲ್ಲ. ಆದರೆ ಅವರ ಕೈ ಮೊದಲಿನ ಹಾಗೆ ಇರಲಿಲ್ಲ. ಹೊಸೆದ ಹಗ್ಗವನ್ನು ಮತ್ತೆ ಬಿಚ್ಚುತ್ತಿದ್ದರು. ಎಳೆ ಸರಿಯಾಗಿಲ್ಲ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು. ಇಪ್ಪತ್ತು ವರ್ಷ ಮಾಡಿದ ಕೆಲಸದ ಮೇಲೆ ಅವರಿಗೇ ಅನುಮಾನ ಬಂದಿತ್ತು.

ಆ ವರ್ಷವೂ ಪಂಚಮಿಗೆ ಅಣ್ಣ ಕುಪ್ಪಸದ ಖಣ ಮತ್ತು ಉಂಡಿ ಕಳಿಸಿದರು. ತಾವು ಬರಲಿಲ್ಲ, ನಮ್ಮೂರಿನ ಒಬ್ಬರ ಕೈಯಲ್ಲಿ ಕಳಿಸಿದರು. ತಿರುಗಿ ಕಳಿಸಬೇಕೆಂದು ನಾನು ಅಂದುಕೊಂಡಿದ್ದೆ. ನನ್ನ ಗಂಡ, "ಇಟಗೋ. ಅದು ತವರಮನಿಯದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದರು. ಇಟ್ಟುಕೊಂಡೆ. ಹೊಲಿಸಲಿಲ್ಲ.

ಉಂಡಿ ತಿನ್ನುತ್ತಲೇ ಅವರು ಮೊದಲ ಬಾರಿಗೆ ಆ ಪ್ರಶ್ನೆ ಕೇಳಿದ್ದು. "ಅವತ್ತ ಗಿಡದ ಕೆಳಗ ಗೋಣಿ ಹಾಸ್ತೇನಿ ಅಂದಾಗ, ಅವರ ಮನಸಿನ್ಯಾಗ ಇದು ಮೊದಲ ಇತ್ತೋ, ಆಮ್ಯಾಲ ಬಂತೋ?"

"ಯಾವಾಗ ಬಂದ್ರೇನು? ಜಾಗಾ ಅಂತೂ ಹೋತು."

"ಹಂಗಲ್ಲ. ಆಮ್ಯಾಲ ಬಂದಿದ್ರ, ಮಗಳ ಸಂಸಾರ ನೋಡಿ ಮನಸು ತಿರಗೇತಿ ಅಂತ ತಿಳಕೋತೇನಿ. ಮೊದಲ ಇದ್ರ, ಅವತ್ತ ನನ್ನ ಕೈಯಾಗಿನ ರೊಟ್ಟಿ ತಿನ್ನುವಾಗನೂ ಇತ್ತಲ್ಲ."

ಆಮೇಲೆ ಅವರು ಇದನ್ನೇ ಎಷ್ಟು ಬಾರಿ ಕೇಳಿದರೋ. ಹಗ್ಗ ಹೊಸೆಯುವಾಗ, ನೀರು ಸೇದುವಾಗ, ಬೇರೆ ಏನೋ ಮಾತಿನ ನಡುವೆ. ಹೋಗಿ ಕೇಳಿಬಿಡಿ ಎಂದರೆ, ಕೇಳುವಂಥ ಮಾತಲ್ಲ, ಅವರಾಗಿಯೇ ಹೇಳಬೇಕು ಎನ್ನುತ್ತಿದ್ದರು. ಎರಡು ವರ್ಷದ ನಂತರ ಮಳೆಗಾಲದಲ್ಲಿ ನನ್ನ ಗಂಡನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಸಿಂದಗಿಯ ದವಾಖಾನೆಗೆ ಒಯ್ದೆವು. ಅಲ್ಲಿ ಮಲಗಿದ್ದಾಗ ಮಾತ್ರ, "ನಿನಗ ಸಿಕ್ರ ಕೇಳು" ಎಂದರು. ಐದನೆಯ ದಿನ ತೀರಿಕೊಂಡರು.

ಮಣ್ಣಾದ ಮೂರನೆಯ ದಿನ ಅಣ್ಣ ಬಂದರು. ತವರಿನವರು ತರಬೇಕಾದ ಸೀರೆ ತಂದಿದ್ದರು. ಅಂಗಳದಲ್ಲಿ ಗಂಡಸರ ಜೊತೆ ತಲೆ ತಗ್ಗಿಸಿ ಕೂತಿದ್ದರು. ಹೊರಡುವಾಗ ಬಾಗಿಲ ಹತ್ತಿರ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಅಳುತ್ತಿದ್ದರು, ಅದು ಸುಳ್ಳು ಅಳುವಾಗಿರಲಿಲ್ಲ.

"ಅಣ್ಣಾರ, ಒಂದು ಮಾತು ಕೇಳು ಅಂತ ಹೇಳ್ಯಾರ" ಎಂದು, ನನ್ನ ಗಂಡ ಕೇಳಿದ್ದನ್ನು ಅವರ ಮಾತಿನಲ್ಲೇ ಕೇಳಿದೆ.

ಅವರ ಕೈ ನನ್ನ ತಲೆಯ ಮೇಲಿಂದ ಸರಿಯಿತು. "ಹೇಳ್ತೇನವಾ ತಂಗಿ. ಇವತ್ತ ಬ್ಯಾಡ. ಇನ್ನೊಮ್ಮೆ ಬಂದು ಹೇಳ್ತೇನಿ" ಎಂದರು.

ಅವರು ಮತ್ತೆ ಬರಲಿಲ್ಲ. ಪಂಚಮಿಗೆ ಖಣ ಬರುವುದೂ ನಿಂತಿತು. ಒಮ್ಮೆ ನಾನೇ ಸಿಂದಗಿಯ ಅವರ ಮನೆಗೆ ಹೋದೆ. ಮಗಳು ನೀರು ಕೊಟ್ಟು, ಅಪ್ಪ ಇಂಡಿ ಸಂತೆಗೆ ಹೋಗಿದ್ದಾರೆ ಎಂದಳು. ಅಂದು ಇಂಡಿಯ ಸಂತೆ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೀರು ಕುಡಿದು ಬಂದೆ. ಮರುವರ್ಷ ಅವರೂ ಹೋದರೆಂದು ಸುದ್ದಿ ಬಂತು.

ನನ್ನ ಗಂಡನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.