ಗಾಸಿಪ್ ಪದದ ಅರ್ಥ ಹೇಳಿದವರು

ಕಳೆದ ವಾರ ವಿಟ್ಬಿಯ ಇಂಡಿಯನ್ ಅಂಗಡಿಯೊಂದರಲ್ಲಿ ಓಮದ ಪ್ಯಾಕೆಟ್ಟು ಒಡೆದು ನೆಲದ ಮೇಲೆ ಚೆಲ್ಲಿತ್ತು. ಆ ಘಾಟು ಮೂಗಿಗೆ ಬಡಿದೊಡನೆ ನೆನಪಾದವರು ಪಕ್ಕದ ಬೀದಿಯ ಟೀಚರ್ ಆಂಟಿ. ನೆನಪಿನ ಹಿಂದೆಯೇ ಹೇಸಿಗೆಯೂ ಬಂತು. ಅವರ ಮೇಲಲ್ಲ.

ಊರಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಮಗನ ಜೊತೆಗಿರಲು ಇಲ್ಲಿಗೆ ಬಂದವರು ಅವರು. ನನ್ನ ಮೊದಲ ಹೆರಿಗೆಗೆ ಅಮ್ಮನಿಗೆ ವೀಸಾ ಸಿಗಲಿಲ್ಲ. ಆಂಟಿ ತಾವಾಗಿಯೇ ಬಂದು ಬಾಣಂತನ ಮಾಡಿದರು. ನಲವತ್ತು ದಿನ, ಬೆಳಿಗ್ಗೆ ಒಂಬತ್ತಕ್ಕೆ ಬೂಟಿನ ಹಿಮ ಕೊಡವಿ ಒಳಗೆ ಬರುವರು. ಕಾಲು ನೀಡಿ ಕುಳಿತು, ಅದರ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕುವರು. ಆಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಅಲಾರಂ ಕೂಗದಿರಲೆಂದು ನನ್ನ ಗಂಡ ಸ್ಮೋಕ್ ಡಿಟೆಕ್ಟರಿಗೆ ಶವರ್ ಕ್ಯಾಪ್ ತೊಡಿಸುತ್ತಿದ್ದರು.

"ಅದಕ್ಕೂ ಕುಲಾವಿ ಹಾಕಿದ್ರಾ?" ಎಂದು ಆಂಟಿ ನಗುವರು.

ಒಂದು ದಿನ ಯಾರದೋ ಸಂಸಾರದ ಸುದ್ದಿ ಹೇಳಿ, "ಸಾರಿ ಆಂಟಿ, ಬರೀ ಗಾಸಿಪ್ಪು" ಎಂದೆ.

"ಮೊದ್ಲು ಅದು ಕೆಟ್ಟ ಪದ ಆಗಿರ್ಲಿಲ್ಲ ಕಣೇ. ಹಳೇ ಇಂಗ್ಲಿಷಲ್ಲಿ ಗಾಡ್‌ಸಿಬ್. ಸಿಬ್ ಅಂದ್ರೆ ನೆಂಟರು. ಚರ್ಚಲ್ಲಿ ಮಗೂಗೆ ದೀಕ್ಷಾಸ್ನಾನ ಮಾಡ್ಸೋವಾಗ ದೇವರ ಮುಂದೆ ಜವಾಬ್ದಾರಿ ಹೊರೋರು. ಆಮೇಲೆ ಹೆರಿಗೆ ಕೋಣೇಲಿ ಜೊತೆಗಿರೋ ಗೆಳತಿಯರಿಗೂ ಅದೇ ಹೆಸರಾಯ್ತು. ಅವರ ಮಾತು ಹೊರಗಿದ್ದೋರಿಗೆ ಹರಟೆ ಅನ್ನಿಸ್ತು." ಮಗುವಿನ ಬೆನ್ನಿಗೆ ಒಂದು ಚೊಂಬು ನೀರು ಸುರಿದರು. "ನೆಂಟಸ್ತನ ಹೋಯ್ತು, ಚಾಡಿ ಉಳೀತು."

"ಹಾಗಾದ್ರೆ ನೀವು ನನ್ನ ಗಾಸಿಪ್ಪು."

"ಹಳೇ ಲೆಕ್ಕದಲ್ಲಿ ಹೇಳಿದ್ಯಲ್ಲ, ಸದ್ಯ."

ಮೂರು ವರ್ಷದ ನಂತರ, ಅವರು ನೀರೆರೆದಿದ್ದ ಬೇರೊಂದು ಮಗುವಿಗೆ ನ್ಯುಮೋನಿಯಾ ಆಯಿತು. ಡಾಕ್ಟರು ವೈರಸ್ ಎಂದರು. ಮಗು ಗುಣವೂ ಆಯಿತು. ಆದರೆ ಥಾರ್ನ್‌ಹಿಲ್ಲಿನ ಒಂದು ಪಾಟ್‌ಲಕ್ಕಿನಲ್ಲಿ ಎಲ್ಲರೂ ತಂದ ಅಡುಗೆಯ ಸಾಲಿನಿಂದ ಒಬ್ಬಾಕೆ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ, "ಅವರ ಕೈಗುಣ ಸರಿ ಇಲ್ವಂತೆ ಕಣ್ರೀ" ಎಂದಳು. ಎಲ್ಲರೂ ನನ್ನತ್ತ ನೋಡಿದರು. ನಾನಾಗ ಎರಡನೆಯ ಸಲ ಬಸುರಿ.

"ಹೊಗೆ ಸ್ವಲ್ಪ ಜಾಸ್ತೀನೇ ಹಾಕ್ತಾರೆ" ಎಂದೆ… ಅಷ್ಟೇ. ಅಷ್ಟು ಸಾಕಾಯಿತು. ಆಮೇಲೆ ಯಾವ ಮನೆಯೂ ಅವರನ್ನು ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಈ ಚಳಿಗಾಲ ಅವರು ತೀರಿಕೊಂಡರು. ಒಶಾವಾದ ಫ್ಯೂನರಲ್ ಹೋಮಿನಲ್ಲಿ ಅದೇ ಹೆಂಗಸರು ಟಿಶ್ಯೂ ಹಿಡಿದು, "ಎಷ್ಟು ಮಕ್ಕಳಿಗೆ ನೀರು ಹಾಕಿದ ಕೈ, ಪುಣ್ಯಾತ್ಗಿತ್ತಿ" ಎನ್ನುತ್ತಿದ್ದರು. ಅಷ್ಟರಲ್ಲಿ ಆಂಟಿಯ ಮಗ ಹತ್ತಿರ ಬಂದ.

"ನಿಮ್ಮ ಸೆಕೆಂಡ್ ಡೆಲಿವರಿ ಟೈಮಲ್ಲಿ ಅಮ್ಮ ಇಂಡಿಯಾ ಟ್ರಿಪ್ಪೇ ಪೋಸ್ಟ್‌ಪೋನ್ ಮಾಡಿದ್ರು. ಯು ವುಡ್ ಕಾಲ್, ಬಾಣಂತನಕ್ಕೆ ಕರೀತೀರ ಅಂತ. ಅಮ್ಮನ ಬಗ್ಗೆ ಎರಡು ಮಾತು ಹೇಳ್ತೀರಾ, ಪ್ಲೀಸ್?"

ಎದ್ದು ನಿಂತು ಒಳ್ಳೆಯ ಮಾತುಗಳನ್ನೇ ಹೇಳಿದೆ. ಗಾಡ್‌ಸಿಬ್ ಎಂಬ ಪದವನ್ನೂ ಹೇಳಿದೆ. ಪಾಟ್‌ಲಕ್ಕಿನಲ್ಲಿ ಆಡಿದ್ದನ್ನು ಹೇಳಲಿಲ್ಲ. "ಎಷ್ಟು ಚೆನ್ನಾಗಿ ಮಾತಾಡಿದ್ರಿ" ಎಂದು ಆ ಬಿಸಿಬೇಳೆಬಾತಿನ ಹೆಂಗಸು ನನ್ನ ಭುಜ ಸವರಿದಳು.

ಆಂಟಿ ಇಲ್ಲ. ಮಗನ ಹತ್ತಿರವಾದರೂ ತಪ್ಪೊಪ್ಪಿಕೊಳ್ಳಲೆಂದು ಎರಡು ಸಲ ಆ ಮನೆಗೆ ಹೋದೆ. ಎರಡು ಸಲವೂ ಬಾಗಿಲು ತೆರೆದವನು ಅವನೇ. "ಅಮ್ಮನ ಬೆಸ್ಟ್ ಫ್ರೆಂಡ್" ಎಂದು ಹೆಂಡತಿಯ ಮನೆಯವರಿಗೆ ನನ್ನನ್ನು ಪರಿಚಯಿಸಿ ಕಾಫಿ ಕೊಟ್ಟ.

ಕಾಫಿಯನ್ನಷ್ಟೇ ಕುಡಿದು ಬಂದೆ.