ಅಕ್ಕ ಕಪ್ಪು ಕಾಯಿಯಲ್ಲಿ ಗೆದ್ದ ಆಟ

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬಾಲ್ಯದ ನೆನಪು ಬರಿ, ಬರಿ ಎಂದು ಮೊಬೈಲಿನ ಈ ಮನೆಮಂದಿ ಗುಂಪಿನವರೆಲ್ಲ ಬೆನ್ನುಹತ್ತಿದ್ದೀರಿ. ಬರೆದಿದ್ದೇನೆ, ಓದಿ ಮುಖ ಸಿಂಡರಿಸಬೇಡಿ.

ಮುಳಗುಂದದ ಬಸು ಮೊಮ್ಮಗಳಿಗೆ ಚದುರಂಗ ಕಲಿಸುವ ಫೋಟೊ ಬೆಳಿಗ್ಗೆ ಇಲ್ಲಿ ಹಾಕಿದ್ದಾನೆ. ಅವನು ನಮ್ಮ ಸೋದರಮಾವನ ಮಗ, ನನ್ನ ಅಕ್ಕ ಗಿರಿಜಾಳ ಗಂಡ.

ಚಿಕ್ಕಂದಿನಲ್ಲಿ ಗದಗಿನ ಟೂರ್ನಮೆಂಟಿನ ಕೊನೆಯ ಆಟ ಇವರಿಬ್ಬರಿಗೇ ಬಿದ್ದಿತ್ತು. ಮದುವೆಯ ಮಾತು ಆಗಲೇ ಆಗಿತ್ತು. ಅಕ್ಕನ ತಲೆಗೆ ಎಣ್ಣೆ ತಿಕ್ಕಿ ಹೆಳಲು ಬಿಗಿಯುತ್ತಾ ಅವ್ವ, “ಸೋತು ಬಾ. ನಾಳಿ ಅವನ ಮನಿಗೇ ಹೋಗಾಕಿ ನೀ,” ಎಂದಳು.

“ಹಂಗಾರ ಇವತ್ತರೆ ಗೆಲ್ತೀನಿ ಬಿಡ,” ಎಂದಳು ಅಕ್ಕ.

ಬಿಳಿ ಕಾಯಿ ಬಸುವಿನದು. ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ, ಇಲ್ಲದ ಮೀಸೆ ಸವರಿಕೊಂಡ. ಅಕ್ಕ ಕುದುರೆ ಬಿಟ್ಟಳು. ಚಹಾ ಬರುವಷ್ಟರಲ್ಲಿ ಅವನ ರಾಣಿ ಹೋಯಿತು. ಸಂಜೆಗೆ ಅವನ ರಾಜನಿಗೆ ಓಡಲು ಮನೆಯೇ ಉಳಿಯಲಿಲ್ಲ.

“ಏಳೋ ಬಸ್ಯಾ, ಆತು ನಿಂದು,” ಎಂದು ಅಕ್ಕ ನಕ್ಕಳು.

ಮಾವ ಎಲ್ಲರೆದುರೇ ಮಗನ ಕಪಾಳಕ್ಕೆ ಬಾರಿಸಿದ. “ಹುಡುಗಿ ಕೈಯಾಗ ಸೋತೆಲ್ಲಲೇ!”

ಮದುವೆಯಾದ ಮೇಲೆ ಅಕ್ಕನ ಜೊತೆಗೆಂದು ನನ್ನನ್ನೂ ಆ ಮನೆಗೆ ಕಳಿಸಿದ್ದರು. ಮರುದಿನವೇ ಬಸು ಅವಳ ಕಾಯಿಗಳನ್ನೆಲ್ಲ ಬಚ್ಚಲ ಒಲೆಗೆ ಸುರಿದ. “ನೀರು ಕಾದಾವು, ಬೆನ್ನು ತಿಕ್ಕ ಬಾ,” ಎಂದ. ಅಕ್ಕ ಹೋಗಿ ತಿಕ್ಕಿದಳು. ಆಮೇಲೆ ಒಂದು ದಿನವೂ ಅವಳಿಗೆ ಚದುರಂಗ ಮುಟ್ಟಲು ಬಿಡಲಿಲ್ಲ.

ಬಸ್ಯಾ, ಆ ಮೊಮ್ಮಗಳ ಮುಂದೆ ಅಕ್ಕನ ಜೊತೆ ಒಂದು ಆಟ ಆಡುತ್ತೀಯೋ ಇಲ್ಲವೋ? ಹದಿನೈದನೇ ತಾರೀಖಿನೊಳಗೆ ಇಲ್ಲೇ, ಎಲ್ಲರಿಗೂ ಕಾಣುವಂತೆ ಉತ್ತರ ಬರೆ.